ಪರದೆಯೊಳಗಿನ ಹಾಡು

ಇಂಗ್ಲಿಷರ ನಾಡಿನ ಹ್ಯಾರೋದಲ್ಲಿರುವ ನಮ್ಮ ಮನೆಯ ಮೆಟ್ಟಿಲಿನಲ್ಲಿ ಕಾಲು ಜಾರಿತು. ಬಿದ್ದೆ. ಏಳಲು ಹೋದರೆ ಬಲಗಾಲು ನನ್ನದೇ ಅಲ್ಲ ಅನ್ನಿಸಿತು.

ಹಿಪ್ ಫ್ರ್ಯಾಕ್ಚರ್.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ನನ್ನನ್ನು ಸೋಲಿಸಿದ್ದು ಬೆಡ್‌ಪ್ಯಾನ್. ಧಾರವಾಡದಲ್ಲಿ ಹುಟ್ಟಿ ಬೆಳೆದು, ಅರವತ್ತು ದಾಟಿದವಳು ನಾನು. ತೆಳ್ಳನೆಯ ಪರದೆಯ ಆಚೆ ಪಕ್ಕದ ಬೆಡ್ಡಿನವರ ಅಳಿಯ ಚಹಾ ಕುಡಿಯುತ್ತ ಕೂತಿರುವಾಗ ಈಚೆ ನಾನು ಹೇಗೆ...? ಯಾರಿಗೂ ಹೇಳದೆ ನೀರು ಕುಡಿಯುವುದನ್ನೇ ಬಿಟ್ಟೆ. ಮಗಳು ಶಿಲ್ಪಾ ತಂದ ಮಜ್ಜಿಗೆಯೂ ಹಾಗೇ ಉಳಿಯಿತು.

ತಲೆ ಸುತ್ತತೊಡಗಿತು. ಬಿಪಿ ಇಳಿಯಿತು. ನನ್ನನ್ನು ಎಬ್ಬಿಸಿ ನಿಲ್ಲಿಸಲು ಬಂದ ಫಿಸಿಯೋ ಮತ್ತೆ ಮಲಗಿಸಿ ಹೋದರು. ಡಾಕ್ಟರು ಡ್ರಿಪ್ ಹಾಕಿಸಿ, "ಹೀಗೇ ಆದರೆ ಕಿಡ್ನಿಗೆ ತೊಂದರೆ" ಎಂದರು.

ನರ್ಸ್ ಅಬೆನಾ ಘಾನಾದವಳು, ನನ್ನ ಮಗಳ ವಯಸ್ಸಿನವಳು. ಪರದೆ ಎಳೆದು, ಕಿವಿಯ ಹತ್ತಿರ ಬಗ್ಗಿ, ನನಗೆ ತಿಳಿಯುವಂಥ ನಿಧಾನದ ಇಂಗ್ಲಿಷಿನಲ್ಲಿ ಕೇಳಿದಳು: "ಅಮ್ಮಾ, ಬೇಡವಾಗಿರುವುದು ನೀರೋ, ಬೆಡ್‌ಪ್ಯಾನೋ?"

ಅತ್ತುಬಿಟ್ಟೆ.

ಅವಳು ಬೈಯಲಿಲ್ಲ. ಮೊದಲು ಹೊದಿಕೆ ಹೊದಿಸಿದಳು. ಅದರೊಳಗಿನಿಂದಲೇ ಬೆಡ್‌ಪ್ಯಾನ್ ಸರಿಸಿ, ಬೆನ್ನು ತಿರುಗಿಸಿ ನಿಂತು, ತಮ್ಮ ಚರ್ಚಿನ ಹಾಡೊಂದನ್ನು ಶುರು ಮಾಡಿದಳು. ಬೇರೆ ಯಾವ ಸದ್ದೂ ಕೇಳಿಸದಷ್ಟು ಗಟ್ಟಿಯಾಗಿ! ಹಾಡು ಮುಗಿದಾಗ ಪರದೆಯಾಚೆಯಿಂದ ಚಪ್ಪಾಳೆ ಬಂತು. ಅಬೆನಾ ಪರದೆಗೇ ತಲೆಬಾಗಿ ವಂದಿಸಿದಳು. ನಾನು ಹೊಲಿಗೆ ಜಗ್ಗುವಷ್ಟು ನಕ್ಕೆ.

ಸಂಜೆ ಬಂದ ಶಿಲ್ಪಾಗೆ ಗಾಬರಿ. "ಅವ್ವಾ, ಏನಾತು? ವೈ ಆರ್ ಯೂ ಲಾಫಿಂಗ್?"

"ಮೊದಲ ಆ ಮಜ್ಜಿಗಿ ಕೊಡು. ಆಮ್ಯಾಲೆ ಹೇಳ್ತೀನಿ."

ಒಂದು ಬೆಳಿಗ್ಗೆ ಅಬೆನಾ ಟವೆಲ್ ಹಿಡಿದು ಬಂದಳು. ಎದುರಿನ ಬೆಡ್ ಖಾಲಿಯಿತ್ತು. ಅಲ್ಲಿದ್ದ ಅಜ್ಜಿ ತೀರಿಕೊಂಡಿದ್ದರು. "ಅವರ ತಲೆ ಬಾಚಿ, ಮುಖ ಒರೆಸಿ ಕಳಿಸಿದೆ. ಆಮೇಲೆ ನನ್ನ ಮುಖ ತೊಳೆದುಕೊಂಡು ನಿಮ್ಮ ಹತ್ತಿರ ಬಂದೆ" ಎಂದಳು. ಕೈಗಳು ಮಡಚಿದ ಟವೆಲನ್ನೇ ಮತ್ತೆ ಮಡಚುತ್ತಿದ್ದವು. ನಮ್ಮೆಲ್ಲರ ನಾಚಿಕೆ, ನೋವು, ಸಾವು ಇವೆಲ್ಲ ದಿನವೂ ಇವಳ ಮೈಮೇಲಿಂದಲೇ ಹಾದುಹೋಗುತ್ತವಲ್ಲ ಅನ್ನಿಸಿತು. ಕೈ ಹಿಡಿದುಕೊಂಡೆ. "ಏನಾದರೂ ತಿಂದೆಯಾ?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ನನ್ನ ಕೈ ಬಿಡಲಿಲ್ಲ.

ಕಾಲು ಇನ್ನೂ ನೋಯುತ್ತದೆ. ಒಬ್ಬಳೇ ಮೆಟ್ಟಿಲು ಹತ್ತುವಂತಿಲ್ಲ. ಆದರೂ ಡಿಸ್ಚಾರ್ಜ್ ಆದ ದಿನ ವಾಕರ್ ಹಿಡಿದು ನಾನೇ ವಾರ್ಡಿನ ಟಾಯ್ಲೆಟ್ಟಿಗೆ ಹೋಗಿ, ನಾನೇ ಬಾಗಿಲು ಹಾಕಿಕೊಂಡೆ. ಅದೆಂಥ ಸುಖ! ಹೊರಬರುವಷ್ಟರಲ್ಲಿ ಶಿಲ್ಪಾ ಶೇಂಗಾ ಹೋಳಿಗೆಯ ಡಬ್ಬಿ ತೆರೆದಿದ್ದಳು.

"ಕುಂಡ್ರು ತಂಗಿ" ಎಂದೆ, ಬೀಳ್ಕೊಡಲು ಬಂದ ಅಬೆನಾಗೆ, ಕನ್ನಡದಲ್ಲೇ. ಅರ್ಥವಾಯಿತು. ನನ್ನ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಎರಡು ಹೋಳಿಗೆ ತಿಂದಳು. ಅವಳು ತಿಂದು ಮುಗಿಸುವವರೆಗೂ ನಾನು ಪಕ್ಕದಲ್ಲಿ ನಿಂತೇ ಇದ್ದೆ.