ವಾಸಿಯಾಗುವುದಿಲ್ಲ ಎಂದವರು

ತೊಂಬತ್ತರ ದಶಕದ ಕೊನೆಯಲ್ಲಿ, ಪಿಯುಸಿ ಓದುತ್ತಿದ್ದಾಗ, ದಪ್ಪಗಾಗುತ್ತೇನೆಂದು ನನಗೆ ಅನ್ನ ಕಂಡರೆ ಭಯ ಶುರುವಾಯಿತು, ಊಟ ಬಿಡುತ್ತಾ ಬಂದೆ. ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದವರೆಲ್ಲ ‘ತೆಳ್ಳಗಾಗಿದಾಳೆ, ಲಕ್ಷಣವಾಗಿದಾಳೆ’ ಎಂದು ಹೊಗಳಿದರು. ಕಾಲೇಜಿನ ಮೆಟ್ಟಿಲ ಮೇಲೆ ಕುಸಿದು ಬಿದ್ದ ಮೇಲೆಯೇ ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದು. ತೂಕ ಏರಿತು, ವಾಸಿಯಾಯಿತೆಂದು ಅಲ್ಲಿನ ಡಾಕ್ಟರು ಮನೆಗೆ ಕಳಿಸಿದರು.

ಏನೂ ವಾಸಿಯಾಗಿರಲಿಲ್ಲ. ಗೆಳತಿಯೊಬ್ಬಳು ಮಾತು ಬಿಟ್ಟರೆ ಬದುಕೇ ಮುಗಿದಂತೆ ಆಗುತ್ತಿತ್ತು. ಕೂಗಾಡುತ್ತಿದ್ದೆ, ಆಮೇಲೆ ನನ್ನ ಮೇಲೆಯೇ ಹೇಸಿಗೆ. ಆ ಹೇಸಿಗೆಯಲ್ಲಿ ಮತ್ತೆ ತಟ್ಟೆ ತಳ್ಳುತ್ತಿದ್ದೆ.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಅದೇ ಡಾಕ್ಟರು, ನಾನು ಎದುರಿಗೇ ಕೂತಿದ್ದರೂ, ಅಮ್ಮನಿಗೆ ಹೇಳಿದರು: “ಇದು ಪರ್ಸನಾಲಿಟಿ ಡಿಸಾರ್ಡರ್ ಕಣಮ್ಮ. ಊಟ ಮಾಡಿಸ್ಬೋದು, ಸ್ವಭಾವ ಬದಲಾಯ್ಸಕ್ಕಾಗಲ್ಲ. ಇಂಥೋರು ವಾಸಿಯಾಗಲ್ಲ.”

ಅಮ್ಮ ಅದನ್ನು ನಂಬಿಬಿಟ್ಟರು. “ಅಷ್ಟು ದೊಡ್ಡ ಡಾಕ್ಟ್ರು ಸುಳ್ಳು ಹೇಳ್ತಾರಾ?” ಅಂದರು. ಅಲ್ಲಿಂದ ಮುಂದೆ ನಾನು ಅತ್ತರೂ ಕಾಯಿಲೆ, ನಕ್ಕರೂ ಕಾಯಿಲೆ. ಚಿಕ್ಕಪ್ಪನಂತೂ ನನ್ನ ಮುಖಕ್ಕೇ “ಎಲ್ಲಾ ನಾಟಕ” ಅಂದರು.

ಕೆಲಸ ಸಿಕ್ಕಿದ ಮೇಲೆ ಬೋಗಾದಿಯಲ್ಲಿ ಬಾಡಿಗೆ ಕೋಣೆ ಹಿಡಿದೆ. ಅಲ್ಲೂ ಕಾಯಿಲೆ ಮರಳಿತು. ಈ ಸಲ ಒಬ್ಬಳೇ ಬೇರೊಬ್ಬ ಡಾಕ್ಟರ ಹತ್ತಿರ ಹೋದೆ, ನಡುವಯಸ್ಸಿನ ಹೆಂಗಸು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದೆ: “ನಾನು ವಾಸಿಯಾಗೋಳಲ್ಲ ಅಂತ ಆಗ್ಲೇ ಹೇಳಿದಾರೆ.”

ಅವರು ಎಲ್ಲವನ್ನೂ ಕೇಳಿಸಿಕೊಂಡರು. “ಊಟದ್ದು, ಸ್ವಭಾವದ್ದು, ಎರಡು ತೊಂದರೆನೂ ಇರೋದು ನಿಜ. ಅದಕ್ಕೇ ನಿಮಗೆ ಹೆಚ್ಚು ಸಮಯ ಬೇಕು. ಆಗೋದೇ ಇಲ್ಲ ಅಂತ ಅಲ್ಲ ಕಣ್ರೀ. ಭಯ ಆದಾಗ, ಸಿಟ್ಟು ಬಂದಾಗ ಏನ್ಮಾಡ್ಬೇಕು ಅಂತ ನಿಮಗೆ ಯಾರಾದ್ರೂ ಕಲಿಸಿದ್ರಾ?”

ಯಾರೂ ಕಲಿಸಿರಲಿಲ್ಲ. ನನಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಉರಿಯಿತು. ಇಷ್ಟು ಸರಳವಾದ ಪ್ರಶ್ನೆಯನ್ನು ಮೊದಲನೆಯವರು ಕೇಳಿದ್ದರೆ ನನ್ನ ಹರೆಯ ನನಗೆ ಉಳಿಯುತ್ತಿತ್ತು.

ಈ ಡಾಕ್ಟರ ಹತ್ತಿರ ವರ್ಷಗಟ್ಟಲೆ ಹೋದೆ. ಸಿಟ್ಟು ಬಂದರೆ ಊಟ ಬಿಡದೆ ಬಾಯಿಬಿಟ್ಟು ಹೇಳುವುದನ್ನು, ಒಬ್ಬರು ದೂರ ಸರಿದರೆ ಆ ದಿನವನ್ನು ಹೇಗೋ ದಾಟುವುದನ್ನು ಕಲಿತೆ. ನಡುವೆ ಜಾರಿದ್ದೂ ಉಂಟು. ನಿಧಾನವಾಗಿ ಊಟ ಊಟವಷ್ಟೇ ಆಯಿತು.

ಒಂದು ಹಬ್ಬದ ಮಧ್ಯಾಹ್ನ, ಒಬ್ಬಟ್ಟು ತಿನ್ನುತ್ತಿದ್ದ ನನ್ನನ್ನು ನೋಡಿ ಅಮ್ಮ ಕಣ್ಣೊರೆಸಿಕೊಂಡರು. “ಆ ಡಾಕ್ಟ್ರು ಅಂದಿದ್ದು ಹೋಗ್ಲಿ ಬುಡು ಮಗ. ಈಗ ಚೆನ್ನಾಗಿದೀಯಲ್ಲ.”

“ಬುಡಲ್ಲ ಕಣಮ್ಮ,” ಅಂದೆ. “ಅದೇ ಮಾತನ್ನ ಇನ್ನೆಷ್ಟು ಜನ ಹೆಣ್ಮಕ್ಕಳಿಗೆ ಹೇಳಿದಾರೋ.”

ಅಮ್ಮ ತಲೆ ತಗ್ಗಿಸಿದರು. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.