ತಲೆಗೆ ಸ್ನಾನ ಮಾಡಿ ಬನ್ನಿ

ಕಳೆದ ಮಂಗಳವಾರ ಬೆಳಿಗ್ಗೆ, ದಕ್ಷಿಣ ದೆಹಲಿಯ ಒಂದು ಪ್ರಯೋಗಾಲಯದ ವಾಶ್‌ಬೇಸಿನ್‌ನಲ್ಲಿ ನಾನು ಜನಕಪುರಿಯ ಶಾರದಾ ಆಂಟಿಯ ತಲೆ ತೊಳೆದೆ. ಎರಡು ಸಲ, ಶಾಂಪೂ ಹಾಕಿ.

ನಾನು ಬ್ಯೂಟಿ ಪಾರ್ಲರಿನವಳಲ್ಲ. ಮೆದುಳಿನ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದ್ದೇನೆ. (ಹಾಸನದಲ್ಲಿರುವ ಅಮ್ಮ ನೆಂಟರಿಗೆಲ್ಲ ‘ಮಗಳು ಬ್ರೇನ್ ಡಾಕ್ಟರು’ ಎಂದಿದ್ದಾಳೆ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ.) ಕನ್ನಡ, ಹಿಂದಿ ಎರಡನ್ನೂ ದಿನವಿಡೀ ಆಡುವವರ ಮೆದುಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೇಗೆ ಹಾರುತ್ತದೆ ಎಂಬುದು ನನ್ನ ಸಂಶೋಧನೆ. ತಲೆಗೆ ತಂತಿಗಳಿರುವ ಟೋಪಿ ಹಾಕುತ್ತೇವೆ. ಎದುರಿನ ಪರದೆಯಲ್ಲಿ ಪದಗಳು ಬರುತ್ತವೆ. ಕನ್ನಡವಾದರೆ ಒಂದು ಬಟನ್, ಹಿಂದಿಯಾದರೆ ಇನ್ನೊಂದು. ಅಷ್ಟೇ.

ಕಷ್ಟ ಇರುವುದು ತಲೆಗಳನ್ನು ಹುಡುಕುವುದರಲ್ಲಿ. ನನ್ನ ಕಾಂಟ್ರಾಕ್ಟ್ ತಿಂಗಳ ಕೊನೆಗೆ ಮುಗಿಯುತ್ತದೆ. ಸಾಕಷ್ಟು ಜನರ ರೆಕಾರ್ಡಿಂಗ್ ಸಿಕ್ಕಿದರೆ ಮಾತ್ರ ಇನ್ನೊಂದು ವರ್ಷ. ಜನಕಪುರಿಯ ಕನ್ನಡ ಹೆಂಗಸರ ವಾಟ್ಸ್ಯಾಪ್ ಗ್ರೂಪಿಗೆ ಮನವಿ ಹಾಕಿದೆ. ‘ವಿಜ್ಞಾನದ ಮುನ್ನಡೆಗೆ ನಿಮ್ಮ ಕೊಡುಗೆ’ ಎಂದೆಲ್ಲ ಬರೆದಿದ್ದೆ. ಬಂದದ್ದು ಕೈಮುಗಿಯುವ ಇಮೋಜಿಗಳು. ಅದರ ಕೆಳಗೇ ಯಾರೋ ಎಳೆಯ ನುಗ್ಗೆಸೊಪ್ಪು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅದಕ್ಕೆ ಉತ್ತರಗಳ ಸುರಿಮಳೆ.

ಒಪ್ಪಿದವರು ಶಾರದಾ ಆಂಟಿ ಒಬ್ಬರೇ. (ಅಮ್ಮನ ಕಾಲೇಜು ಗೆಳತಿ. ತಪ್ಪಿಸಿಕೊಳ್ಳಲು ಅವರಿಗೆ ದಾರಿಯಿರಲಿಲ್ಲ.) ‘ತಲೆಗೆ ಸ್ನಾನ ಮಾಡಿ ಬನ್ನಿ ಆಂಟಿ’ ಎಂದು ಫೋನಿನಲ್ಲಿ ಹೇಳಿದ್ದೆ. ಕೂದಲಲ್ಲಿ ಜಿಡ್ಡಿದ್ದರೆ ಮೆದುಳಿನ ಸಣ್ಣ ಅಲೆಗಳು ತಂತಿಗೆ ಸರಿಯಾಗಿ ಸಿಗುವುದಿಲ್ಲ.

ಆಂಟಿ ಬಂದರು. ತಲೆ ಮಿರಮಿರ ಮಿಂಚುತ್ತಿತ್ತು. ಅವರಿಗಿಂತ ಮೊದಲು ಕೊಬ್ಬರಿ ಎಣ್ಣೆಯ ವಾಸನೆ ಒಳಗೆ ಬಂದಿತ್ತು.

‘ಆಂಟಿ, ಎಣ್ಣೆ?’

‘ಸ್ನಾನ ಮಾಡ್ಕೊಂಡೇ ಹಚ್ಚಿದೀನಿ ಕಣೆ. ತಲೆ ಟೆಸ್ಟಿಗೆ ತಲೆ ಕೆದರ್ಕೊಂಡು ಬರಕ್ಕಾಗುತ್ತಾ? ನಿಮ್ಮ ಪ್ರೊಫೆಸರ್ ಏನಂದ್ಕೋತಾರೆ?’

ಸ್ನಾನ ಮಾಡಿ ಎಂದಿದ್ದೆ. ಎಣ್ಣೆ ಬೇಡ ಎಂದಿರಲಿಲ್ಲ. ಮಾತು ಮೆದುಳಿಗೆ ಹೇಗೆ ಅರ್ಥವಾಗುತ್ತದೆ ಎಂದು ವರ್ಷಗಟ್ಟಲೆ ಓದಿದವಳು ಕೊಟ್ಟ ಸೂಚನೆ ಇದು!

ಹಾಗಾಗಿ ವಾಶ್‌ಬೇಸಿನ್.

‘ನನ್ನ ತಲೆಗೆ ಬೇರೆಯವರು ನೀರು ಹಾಕಿ ಎಷ್ಟು ಕಾಲ ಆಯ್ತೋ,’ ಎಂದರು ಆಂಟಿ, ಕಣ್ಣು ಮುಚ್ಚಿಕೊಂಡು. ‘ಬಾಣಂತನದಲ್ಲಿ ಅಮ್ಮ ಹಾಕಿದ್ದೇ ಕೊನೆ. ಇನ್ನೊಂಚೂರು ಹಿಂದ್ಗಡೆ ತಿಕ್ಕು ಪುಟ್ಟಿ. ಹಾಂ, ಅಲ್ಲೇ. ಬಹುತ್ ಅಚ್ಛಾ ಲಗ್ ರಹಾ ಹೈ.’

(ಕನ್ನಡದಿಂದ ಹಿಂದಿಗೆ ಹಾರಿದ್ದು ಆ ಕ್ಷಣದಲ್ಲಿ. ನಾನು ಹಿಡಿಯಬೇಕಿದ್ದದ್ದು ಅದನ್ನೇ. ಟೋಪಿ ಇನ್ನೂ ಹಾಕಿರಲಿಲ್ಲ.)

ಕೂದಲು ಒಣಗಿಸಿದೆ. ಟೋಪಿ ತೊಡಿಸಿ, ಒಂದೊಂದು ತೂತಿಗೂ ಜೆಲ್ ತುಂಬಿದೆ. ಪದಗಳು ಬರತೊಡಗಿದವು. ಮೊದಮೊದಲು ಆಂಟಿ ಚುರುಕಾಗಿ ಬಟನ್ ಒತ್ತಿದರು. ಆಮೇಲೆ ನಿಧಾನ. ಆಮೇಲೆ ಇಲ್ಲವೇ ಇಲ್ಲ. ನನ್ನ ಪರದೆಯ ಮೇಲೆ ಅಲೆಗಳು ಮಾತ್ರ ದೊಡ್ಡದಾಗಿ, ನಿರಾಳವಾಗಿ ಏಳತೊಡಗಿದವು. ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸುವಂಥ ಅಲೆಗಳು.

ಪ್ರೊಫೆಸರ್ ಇಣುಕಿದರು. ‘ಡೇಟಾ ಬಹಳ ಕ್ಲೀನಾಗಿದೆಯಲ್ಲ!’

‘ಸರ್, ಅವರು ನಿದ್ದೆ ಮಾಡುತ್ತಿದ್ದಾರೆ.’

‘ಅಚ್ಛಾ,’ ಎಂದರು. ‘ತಿಂಗಳ ಕೊನೆ ನೆನಪಿದೆಯಲ್ಲ?’

ಎದ್ದ ಮೇಲೆ ಆಂಟಿ ಕೇಳಿದರು. ‘ನನ್ನ ತಲೇಲಿ ಏನು ಸಿಕ್ತೇ?’

‘ಒಳ್ಳೇ ನಿದ್ದೆ ಆಂಟಿ.’

‘ಅದು ಮನೇಲಿ ಸಿಗಲ್ಲ ನೋಡು.’

ಆ ರೆಕಾರ್ಡಿಂಗ್ ಲೆಕ್ಕಕ್ಕಿಲ್ಲ. ಆದರೆ ಸಂಜೆ ಗ್ರೂಪಿನಲ್ಲಿ ಆಂಟಿಯ ಮೆಸೇಜು ಬಂತು: ‘ಹುಡುಗಿ ಕೈಗುಣ ಚೆನ್ನಾಗಿದೆ. ಶಾಂಪೂ, ಡ್ರೈಯರ್ ಅವಳದ್ದೇ. ಆಮೇಲೆ ಎಸಿ ರೂಮು, ಯಾರೂ ಎಬ್ಬಿಸಲ್ಲ.’

ವಿಜ್ಞಾನದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ, ನನಗೆ ಬೇಕಾದ್ದಕ್ಕಿಂತ ಇಬ್ಬರು ಹೆಚ್ಚೇ ಹೆಸರು ಕೊಟ್ಟಿದ್ದಾರೆ. ದಯವಿಟ್ಟು ಎಣ್ಣೆ ಹಚ್ಚಿಕೊಂಡು ಬರಬೇಡಿ ಎಂದು ಈ ಸಲ ದಪ್ಪ ಅಕ್ಷರದಲ್ಲಿ ಬರೆದೆ.

ಎಲ್ಲರೂ ಹಚ್ಚಿಕೊಂಡೇ ಬರುವುದಾಗಿ ತಿಳಿಸಿದ್ದಾರೆ.