ಚಂಪಾ ಡಾಕ್ಟರು ಕೊಯ್ದ ಹುಂಜ

ಬೆಳ್ಮಣ್ಣಿನ ಅಣ್ಣುವಿನ ಮಗಳು ಚಂಪಾ ಮಣಿಪಾಲದಲ್ಲಿ ಡಾಕ್ಟರ್ ಎಂಬುದು ಊರಿಗೆಲ್ಲ ಗೊತ್ತಿತ್ತು. ಎಂತಹ ಡಾಕ್ಟರ್ ಎಂಬ ವಿಷಯದಲ್ಲಿ ಮಾತ್ರ ಅಣ್ಣು ಬಾಯಿ ಬಿಡುತ್ತಿರಲಿಲ್ಲ. ಕೇಳಿದವರಿಗೆ "ಹಾರ್ಟು, ಲಿವರು ಎಲ್ಲ ನೋಡ್ತಾಳೆ" ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಹೊರಗೆ ತೆಗೆದು, ತೂಕ ಮಾಡಿ ನೋಡುತ್ತಿದ್ದಳು.

ಐದೂವರೆ ವರ್ಷ ಎಂಬಿಬಿಎಸ್, ಮೇಲೆ ಮೂರು ವರ್ಷ ನ್ಯಾಯವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಷ್ಟು ಓದಿ ಅವಳು ಹೇಳಬೇಕಾದದ್ದು ಒಂದೇ: ಈ ಮನುಷ್ಯ ಹೇಗೆ ಸತ್ತ? ನಾನು ಕಾರ್ಕಳದ ಕೋರ್ಟಿನಲ್ಲಿ ಟೈಪಿಸ್ಟ್. ಅವಳ ಸಾಕ್ಷಿಯನ್ನು ಎಷ್ಟೋ ಸಲ ಟೈಪು ಮಾಡಿದ್ದೇನೆ. ಕಂಡದ್ದನ್ನು ಕಂಡಷ್ಟೇ ಹೇಳುವಳು, ಕಾಣದ್ದಕ್ಕೆ "ಗೊತ್ತಿಲ್ಲ" ಎಂದು ಸುಮ್ಮನಾಗುವಳು. ವಕೀಲರು ಅಡ್ಡ ಪ್ರಶ್ನೆ ಹಾಕಿ ಸುಸ್ತಾಗುವರು. ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತಾಗಲೂ ಹೀಗೆಯೇ ಇದ್ದಳು. ನಾನು ಕದ್ದ ಪೇರಳೆ ಹಣ್ಣುಗಳ ಲೆಕ್ಕವನ್ನು ಮೇಷ್ಟ್ರೆದುರು ಒಂದೂ ಬಿಡದೆ ಒಪ್ಪಿಸಿದ್ದಳು. ನನಗೆ ಇನ್ನೂ ಸಿಟ್ಟಿದೆ.

2003ರ ಮಾರ್ಚಿನ ಒಂದು ಭಾನುವಾರ, ಕೊಯ್ಲು ಮುಗಿದ ಗದ್ದೆಯಲ್ಲಿ ಕೋಳಿ ಅಂಕ. ಅಣ್ಣುವಿನ ಬಿಳಿ ಹುಂಜಕ್ಕೂ ಅದೇ ಊರಿನ ಸುಂದರನ ಕೆಂಪು ಹುಂಜಕ್ಕೂ ಜಟಾಪಟಿ. ಎರಡರ ಕಾಲಿಗೂ ಬಾಳು, ಅಂದರೆ ಅಂಕದ ಸಣ್ಣ ಚೂರಿ, ಕಟ್ಟಿತ್ತು. ಎರಡನೆಯ ಸುತ್ತು ಶುರುವಾಗುವಷ್ಟರಲ್ಲಿ ಕೆಂಪು ಹುಂಜ ತೂರಾಡಿ ಬಿದ್ದು ಸತ್ತಿತು. ಸೋತು ಸತ್ತ ಹುಂಜ ಗೆದ್ದವನ ಮನೆಯ ಸಾರಿಗೆ ಸೇರಬೇಕು, ಅಂಕದ ಕಟ್ಟಳೆ. ಅಣ್ಣು ಕೈ ಚಾಚಿದ. ಸುಂದರ ತಡೆದ.

"ಇಷ್ಟು ಸಣ್ಣ ಗಾಯಕ್ಕೆ ಯಾವ ಹುಂಜ ಸಾಯ್ತದೆ ಮಾರಾಯ? ನೀನು ಬಾಳಿಗೆ ವಿಷ ಸವರಿದ್ದೀ."

ಅಣ್ಣುವಿನ ಮುಖ ಕಪ್ಪಿಟ್ಟಿತು. ನಲವತ್ತು ವರ್ಷ ಅಂಕದಲ್ಲಿ ಕೋಳಿ ಕಟ್ಟಿದವನು. ಈ ಮಾತು ಹಾಗೆಯೇ ಉಳಿದರೆ ಮುಂದೆ ಅವನ ಹುಂಜದ ಎದುರು ಯಾರೂ ಹುಂಜ ಬಿಡುವುದಿಲ್ಲ. ಅವನ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನೇ ನೋಡಿದೆ.

ದನದ ಡಾಕ್ಟರನ್ನು ಕರೆಸುವ ಹಾಗಿರಲಿಲ್ಲ. ಅವರು ಸರಕಾರಿ ಮನುಷ್ಯ, ಅಂಕದ ಸುದ್ದಿ ಸ್ಟೇಷನ್ನಿಗೆ ಹೋದರೆ ಎಲ್ಲರೂ ಒಳಗೆ. ಆಗ ನಾನು ಮೆಲ್ಲಗೆ, "ಚಂಪಾ ರಜೆಯಲ್ಲಿ ಮನೆಯಲ್ಲೇ ಉಂಟಲ್ಲ. ಹೆಣ ಕೊಯ್ಯುವುದೇ ಅವಳ ಕೆಲಸ" ಎಂದೆ. ಪೇರಳೆಯ ಸಿಟ್ಟು ಸ್ವಲ್ಪ ಇಳಿಯಿತು. ಅಣ್ಣು ನನ್ನನ್ನು ನುಂಗುವಂತೆ ನೋಡಿದ.

ಚಂಪಾ ಬಂದವಳೇ ಕೋಳಿ ಕಾದಿಸಿದ್ದಕ್ಕೆ ಎಲ್ಲರಿಗೂ ಚೆನ್ನಾಗಿ ಬೈದಳು. ಆಮೇಲೆ "ಅಪ್ಪನ ವಿಷಯ, ನಾನು ನೋಡುವುದು ಸರಿಯಲ್ಲ" ಎಂದಳು.

"ನೀನೇ ನೋಡು ಮಗಾ" ಎಂದ ಸುಂದರ. "ಅಪ್ಪನದ್ದು ತಪ್ಪಿದ್ದರೆ ಹೇಳ್ತೀಯಾ?"

"ಹೇಳ್ತೇನೆ."

ಬಾಳೆಲೆ ಹಾಸಿದರು. ಅವಳು ಹೇಳುತ್ತ ಹೋದಳು, ನಾನು ಕೋರ್ಟಿನ ಗತ್ತಿನಲ್ಲಿ ಬರೆದುಕೊಂಡೆ. ಗಂಡು. ಪ್ರಾಯ ಸುಮಾರು ಎರಡು ವರ್ಷ. ಎಡ ತೊಡೆಯಲ್ಲಿ ಅರ್ಧ ಇಂಚಿನ ಗಾಯ, ಆಳವಿಲ್ಲ, ಇದರಿಂದ ಸಾವು ಬರುವುದಿಲ್ಲ. ಹಿಂದಿನಿಂದ, ಅಂಕ ನೋಡಲು ಬಂದಿದ್ದ ಕಿಟ್ಟ, "ಅರಸಿನ, ಉಪ್ಪು ತರಬೇಕಾ ಡಾಕ್ಟ್ರೇ?" ಎಂದ. ಅವಳು ಒಮ್ಮೆ ತಿರುಗಿ ನೋಡಿದಳು, ಕಿಟ್ಟ ಜನರ ಹಿಂದೆ ಸರಿದ. ಕೊನೆಗೆ ಕತ್ತು ಬಿಡಿಸಿದಳು. ಶ್ವಾಸನಾಳದ ಬಾಯಿಯಲ್ಲಿ ಹಳದಿ ಮುದ್ದೆಯೊಂದು ಸಿಕ್ಕಿಕೊಂಡಿತ್ತು.

"ಸುಂದರಣ್ಣ, ಎರಡು ಸುತ್ತಿನ ನಡುವೆ ಇದಕ್ಕೆ ಎಂತ ಕೊಟ್ಟಿರಿ?"

"ಬೇಯಿಸಿದ ಮೊಟ್ಟೆ. ಶಕ್ತಿ ಬರಲಿ ಅಂತ."

"ಏದುಸಿರು ಬಿಡುವಾಗ ತುರುಕಿದ್ದೀರಿ. ಅದು ಉಸಿರಿನ ದಾರಿಗೆ ಹೋಗಿದೆ. ಉಸಿರು ಕಟ್ಟಿ ಸತ್ತದ್ದು."

ಸುಂದರ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಮಗುವಿನಂತೆ ಸಾಕಿದ ಹುಂಜ, ಪಾಪ. ಅಣ್ಣುವಿನ ಎದೆ ಮಾತ್ರ ಉಬ್ಬಿತು. "ಹಾಗಾದರೆ ವಿಷ ಇಲ್ಲ ಅಂತ ಹೇಳು ಎಲ್ಲರ ಎದುರು" ಎನ್ನುತ್ತ ಸತ್ತ ಹುಂಜವನ್ನು ಎತ್ತಿಕೊಂಡ.

"ಅದನ್ನು ಕಣ್ಣಿನಲ್ಲಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅಪ್ಪಾ, ಲ್ಯಾಬಿಗೆ ಕಳಿಸಬೇಕು. ಇದು ಸಾಯಲಿಕ್ಕೆ ಮೊಟ್ಟೆಯೇ ಸಾಕಿತ್ತು, ಅಷ್ಟೇ ನಾನು ಹೇಳುವುದು. ಮತ್ತೆ, ಆ ಹುಂಜವನ್ನು ಅಲ್ಲೇ ಇಡಿ. ನಿಮ್ಮದು ಇದನ್ನು ಕೊಂದಿಲ್ಲ, ಗೆದ್ದದ್ದೂ ಇಲ್ಲ."

ಸ್ವಂತ ಅಪ್ಪನಿಗೆ ಒಂದು "ಇಲ್ಲ" ಎಂಬ ಮಾತನ್ನೂ ಪುಕ್ಕಟೆ ಕೊಡದ ಮಗಳು. ಸುಂದರ ಎದ್ದು ಅಣ್ಣುವಿನ ಹೆಗಲಿಗೆ ಕೈ ಹಾಕಿದ.

"ಅಪ್ಪನಿಗೋಸ್ಕರ ಅಷ್ಟು ಸಣ್ಣ ಸುಳ್ಳನ್ನೂ ಹೇಳದವಳು ಮೊಟ್ಟೆ ಅಂದರೆ ಮೊಟ್ಟೆಯೇ. ವಿಷ ಅಂದದ್ದು ನನ್ನ ತಪ್ಪು. ಬರುವ ವಾರ ನಿನ್ನ ಹುಂಜದ ಎದುರು ಮೊದಲು ಬಿಡುವುದು ನಾನೇ."

ಅಣ್ಣು ಅವನ ಕೈ ಹಿಡಿದು ಗಳಗಳ ಅತ್ತ. ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿ, "ಆ ಕೋಳಿಯನ್ನಾದರೂ ನಮ್ಮ ಸಾರಿಗೆ ಬಿಡಬಹುದಿತ್ತು ನೀನು" ಎಂದ.